ಲಿನಕ್ಸ್ ವಿತರಣೆಯ ಆಯ್ಕೆ ಮತ್ತು ತಂತ್ರಾಂಶಗಳ ಅವಲಂಬನೆ: ಒಂದು ರೋಗನಿದಾನ

ಪ್ರೋಗ್ರಾಂ ಬರೆಯುವ ಉದ್ದೇಶದಿಂದ ಲಿನಕ್ಸ್‌ನತ್ತ ಹೊರಳುವವರು ಕೇಳುವ ಮೊದಲ ಪ್ರಶ್ನೆ ‘ಯಾವ ವಿತರಣೆ ಒಳ್ಳೆಯದು?’ ಎಂಬುದು. ಡೆಬಿಯನ್, ಉಬುಂಟು, ಫೆಡೋರಾ, ಆರ್ಚ್ ಎಂದು ಹೆಸರುಗಳ ಸಾಲೇ ಎದುರು ನಿಲ್ಲುತ್ತದೆ. ಅವುಗಳಲ್ಲೊಂದನ್ನು ಸ್ಥಾಪಿಸಿಕೊಂಡು ಕೆಲಸ ಆರಂಭಿಸಿದ ಕೆಲವೇ ವಾರಗಳಲ್ಲಿ ಯಾವುದೋ ಪ್ರೋಗ್ರಾಂ ‘ಇಂಥ ಲೈಬ್ರರಿ ಸಿಗಲಿಲ್ಲ’, ‘ಇಂಥ ಆವೃತ್ತಿ ಬೇಕು’ ಎಂದು ತಕರಾರು ತೆಗೆದು ನಿಂತುಬಿಡುತ್ತದೆ. ಬೇಸತ್ತ ಬಳಕೆದಾರ ಆ ವಿತರಣೆಯನ್ನೇ ಅಳಿಸಿ ಇನ್ನೊಂದನ್ನು ಹಾಕಿಕೊಳ್ಳುತ್ತಾನೆ. ಅಲ್ಲಿಯೂ ತಿಂಗಳೊಪ್ಪತ್ತಿನಲ್ಲಿ ಬೇರೊಂದು ತಕರಾರು ಹುಟ್ಟುತ್ತದೆ. ಕಾಯಿಲೆ ಯಾವುದೆಂದು ತಿಳಿಯುವ ಮೊದಲೇ ವೈದ್ಯರನ್ನು ಬದಲಾಯಿಸುತ್ತ ಹೋಗುವ ರೋಗಿಯ ಸ್ಥಿತಿ ಇದು.

ಈ ಲೇಖಕ ವೃತ್ತಿಯಿಂದ ವೈದ್ಯ. ಗಣಕ ವಿಜ್ಞಾನ ನನ್ನ ಪದವಿಯ ವಿಷಯವಲ್ಲ. ಹಳೆಯ ಕನ್ನಡ ಪುಸ್ತಕಗಳ ಪುಟಗಳನ್ನು ಪಠ್ಯವಾಗಿಸುವುದು, ಸಮಾರಂಭಗಳಿಗೆ ಪ್ರಮಾಣಪತ್ರಗಳನ್ನು ಸಿದ್ಧಪಡಿಸುವುದು ಮುಂತಾದ ಸಣ್ಣ ಕೆಲಸಗಳಿಗಾಗಿ ಬಿಡುವಿನ ವೇಳೆಯಲ್ಲಿ ಪ್ರೋಗ್ರಾಂ ಬರೆಯುತ್ತ ಬಂದವನಿಗೆ ಮನದಟ್ಟಾದ ಒಂದು ಸಂಗತಿಯನ್ನು ಇಲ್ಲಿ ವಿವರಿಸಲಾಗಿದೆ. ವಿತರಣೆಯ ಆಯ್ಕೆಯೆಂದರೆ, ನಮ್ಮ ಗಣಕದಲ್ಲಿರುವ ಲೈಬ್ರರಿಗಳ ಆವೃತ್ತಿಯನ್ನು ಯಾರು, ಯಾವಾಗ ನಿರ್ಧರಿಸಬೇಕು ಎಂಬುದರ ಆಯ್ಕೆ. ಅವಲಂಬನೆಯ ತೊಂದರೆಗಳಲ್ಲಿ ಹೆಚ್ಚಿನವು ವಿತರಣೆಯ ದೋಷಗಳಲ್ಲ. ಬೇರೆಬೇರೆ ಪದರಗಳಲ್ಲಿ ಇರಬೇಕಾದ ವಸ್ತುಗಳು ಒಂದರೊಳಗೊಂದು ಬೆರೆತುದರ ಫಲ. ಆದ್ದರಿಂದ ತೊಂದರೆ ಯಾವ ಪದರದ್ದೆಂದು ಗುರುತಿಸುವುದನ್ನು ಮೊದಲು ಕಲಿತರೆ, ವಿತರಣೆಯ ಪ್ರಶ್ನೆ ತಾನಾಗಿಯೇ ಹಗುರವಾಗುತ್ತದೆ.

ಅವಲಂಬನೆ ಎಂದರೇನು?

ಇಂದಿನ ಯಾವ ಪ್ರೋಗ್ರಾಮೂ ಎಲ್ಲ ಕೆಲಸಗಳನ್ನೂ ತಾನೇ ಮಾಡುವುದಿಲ್ಲ. ಜಾಲದ ಮೂಲಕ ಗುಪ್ತವಾಗಿ ಮಾಹಿತಿ ಕಳುಹಿಸಬೇಕಾದರೆ ಓಪನ್‌ಎಸ್‌ಎಸ್‌ಎಲ್ ಲೈಬ್ರರಿಯನ್ನೂ, ಕಡತ ತೆರೆಯುವುದು ಸ್ಮರಣೆ ಪಡೆಯುವುದು ಮುಂತಾದ ಮೂಲಭೂತ ಕೆಲಸಗಳಿಗೆ ಜಿಲಿಬ್‌ಸಿ ಎಂಬ ಲೈಬ್ರರಿಯನ್ನೂ ಕರೆಯುತ್ತದೆ. ಒಂದೇ ಲೈಬ್ರರಿಯನ್ನು ನೂರಾರು ಪ್ರೋಗ್ರಾಂಗಳು ಹಂಚಿಕೊಂಡು ಬಳಸುತ್ತವೆ. ಈ ಹಂಚಿಕೆಯೇ ಲಿನಕ್ಸ್ ವಿತರಣೆಗಳ ಮೂಲತತ್ತ್ವ.

ಹಂಚಿಕೆಯ ಲಾಭವನ್ನು ತೋರಿಸಲು ಒಂದು ಪ್ರಸಂಗ ಸಾಕು. 2014ರ ಏಪ್ರಿಲ್‌ನಲ್ಲಿ ಓಪನ್‌ಎಸ್‌ಎಸ್‌ಎಲ್‌ನಲ್ಲಿ ‘ಹಾರ್ಟ್‌ಬ್ಲೀಡ್’ ಎಂದು ಹೆಸರಾದ ಗಂಭೀರ ದೋಷ ಬಯಲಾಯಿತು. ವಿತರಣೆಗಳು ಆ ಒಂದು ಲೈಬ್ರರಿಯ ತಿದ್ದಿದ ರೂಪವನ್ನು ಕಳುಹಿಸಿದವು. ಅದನ್ನು ಸ್ಥಾಪಿಸಿ ಸೇವೆಗಳನ್ನು ಮರಳಿ ಆರಂಭಿಸಿದೊಡನೆ ಆ ಗಣಕದಲ್ಲಿ ಅದನ್ನು ಹಂಚಿಕೊಂಡಿದ್ದ ಎಲ್ಲ ಪ್ರೋಗ್ರಾಂಗಳೂ ಒಟ್ಟಿಗೆ ಸುರಕ್ಷಿತವಾದವು. ಇದಕ್ಕೆ ವ್ಯತಿರಿಕ್ತವಾದದ್ದು 2021ರ ಡಿಸೆಂಬರ್‌ನಲ್ಲಿ ಕಂಡ ‘ಲಾಗ್‌ಫೋರ್‌ಶೆಲ್’ ದೋಷ. ಲಾಗ್‌ಫೋರ್‌ಜೆ ಎಂಬ ಜಾವಾ ಲೈಬ್ರರಿಯ ಪ್ರತಿಗಳನ್ನು ಅಸಂಖ್ಯಾತ ತಂತ್ರಾಂಶಗಳು ತಮ್ಮತಮ್ಮ ಒಡಲಿನಲ್ಲೇ ಇಟ್ಟುಕೊಂಡಿದ್ದ ಕಾರಣ, ಅದು ಎಲ್ಲೆಲ್ಲಿ ಅಡಗಿದೆಯೆಂದು ಹುಡುಕುವುದೇ ದೊಡ್ಡ ಕೆಲಸವಾಯಿತು.

ಹಂಚಿಕೆಗೆ ತನ್ನದೇ ಆದ ಬೆಲೆಯೂ ಇದೆ. ಒಂದೇ ಲೈಬ್ರರಿಯ ಎರಡು ಬೇರೆ ಆವೃತ್ತಿಗಳನ್ನು ಎರಡು ಪ್ರೋಗ್ರಾಂಗಳು ಕೇಳಿದರೆ ಸಂಘರ್ಷ ತಪ್ಪದು. ಒಬ್ಬನೇ ರೋಗಿಗೆ ಇಬ್ಬರು ತಜ್ಞರು ಒಬ್ಬರಿಗೊಬ್ಬರು ತಿಳಿಯದಂತೆ ಬರೆದ ಔಷಧಿಗಳಂತೆ, ಬಿಡಿಬಿಡಿಯಾಗಿ ಎರಡೂ ಸರಿ, ಒಟ್ಟಿಗೆ ಸೇರಿದಾಗ ಅಪಾಯ. ಸಾವಿರಾರು ಪ್ಯಾಕೇಜುಗಳ ನಡುವೆ ಎಲ್ಲರಿಗೂ ಒಪ್ಪುವ ಆವೃತ್ತಿಗಳ ಗುಂಪನ್ನು ಹುಡುಕುವ ಸಮಸ್ಯೆ, ಗಣಕ ವಿಜ್ಞಾನದ ಪರಿಭಾಷೆಯಲ್ಲಿ, ಸುಲಭವಾಗಿ ಬಿಡಿಸಲಾಗದ ಸಮಸ್ಯೆಗಳ ವರ್ಗಕ್ಕೆ ಸೇರಿದೆ. 1990ರ ದಶಕದಲ್ಲಿ ಬಳಕೆದಾರರು ಪ್ಯಾಕೇಜುಗಳನ್ನು ಒಂದೊಂದಾಗಿ ಹುಡುಕಿ ತಂದು ಕೈಯಾರೆ ಸ್ಥಾಪಿಸುತ್ತಿದ್ದರು. ಡೆಬಿಯನ್‌ನ ಆಪ್ಟ್ ಎಂಬ ಸಾಧನ 1998ರಲ್ಲಿ ಮೊದಲು ಬಂದು, ಆ ಹುಡುಕಾಟವನ್ನು ಗಣಕಕ್ಕೇ ವಹಿಸಿತು.

ವಿತರಣೆ ಏನನ್ನು ನಿರ್ಧರಿಸುತ್ತದೆ?

ದೊಡ್ಡ ಆಸ್ಪತ್ರೆಗಳಲ್ಲಿ ಬಳಸಬಹುದಾದ ಔಷಧಿಗಳ ಒಂದು ಅಂಗೀಕೃತ ಪಟ್ಟಿ ಇರುತ್ತದೆ. ಮಾರುಕಟ್ಟೆಗೆ ಹೊಸತಾಗಿ ಬಂದದ್ದೆಲ್ಲವೂ ಮರುದಿನವೇ ಆ ಪಟ್ಟಿಗೆ ಸೇರುವುದಿಲ್ಲ. ಪರಿಶೀಲಿಸಿ, ಇತರ ಔಷಧಿಗಳೊಂದಿಗೆ ಹೊಂದುತ್ತದೆಯೇ ಎಂದು ನೋಡಿ ಸೇರಿಸುತ್ತಾರೆ. ಸ್ಥಿರ ವಿತರಣೆಯೂ ಅಂಥದೇ ಪಟ್ಟಿ. ಬಿಡುಗಡೆಯ ದಿನ ಲೈಬ್ರರಿಗಳ ಆವೃತ್ತಿಗಳನ್ನು ಕಟ್ಟಿಹಾಕಿ, ಆಮೇಲಿನ ವರ್ಷಗಳಲ್ಲಿ ಮುಖ್ಯವಾಗಿ ಸುರಕ್ಷತೆಯ ತಿದ್ದುಪಡಿಗಳನ್ನಷ್ಟೇ ಒದಗಿಸುತ್ತದೆ.

2023ರ ಜೂನ್‌ನಲ್ಲಿ ಬಂದ ಡೆಬಿಯನ್ 12ರಲ್ಲಿ ಪೈಥಾನ್ 3.11 ಮತ್ತು ಜಿಲಿಬ್‌ಸಿ 2.36 ಇವೆ, 2025ರ ಆಗಸ್ಟ್‌ನ ಡೆಬಿಯನ್ 13ರಲ್ಲಿ ಪೈಥಾನ್ 3.13 ಮತ್ತು ಜಿಲಿಬ್‌ಸಿ 2.41. ಉಬುಂಟುವಿನ ದೀರ್ಘಾವಧಿ ಬೆಂಬಲದ ಬಿಡುಗಡೆಗಳು ಎರಡು ವರ್ಷಕ್ಕೊಮ್ಮೆ ಏಪ್ರಿಲ್‌ನಲ್ಲಿ ಬರುತ್ತವೆ: 22.04ರಲ್ಲಿ ಪೈಥಾನ್ 3.10 ಮತ್ತು ಜಿಲಿಬ್‌ಸಿ 2.35, 24.04ರಲ್ಲಿ ಪೈಥಾನ್ 3.12 ಮತ್ತು ಜಿಲಿಬ್‌ಸಿ 2.39. ಇವುಗಳಿಗೆ ಐದು ವರ್ಷಗಳ ಸಾಮಾನ್ಯ ಬೆಂಬಲವುಂಟು. ಫೆಡೋರಾ ಸುಮಾರು ಆರು ತಿಂಗಳಿಗೊಮ್ಮೆ ಹೊಸ ಬಿಡುಗಡೆ ಮಾಡಿ, ಪ್ರತಿಯೊಂದನ್ನೂ ಸುಮಾರು ಹದಿಮೂರು ತಿಂಗಳು ಮಾತ್ರ ಪೋಷಿಸುತ್ತದೆ. ಆರ್ಚ್‌ನಲ್ಲಿ ಬಿಡುಗಡೆ ಎಂಬುದೇ ಇಲ್ಲ. ಹೊಸ ಆವೃತ್ತಿಗಳು ಹರಿಯುವ ನೀರಿನಂತೆ ಬರುತ್ತಲೇ ಇರುತ್ತವೆ. ಅಲ್ಲಿ ಎಲ್ಲವನ್ನೂ ಒಟ್ಟಿಗೆ ನವೀಕರಿಸಬೇಕೇ ಹೊರತು ಬೇಕಾದ ಒಂದನ್ನು ಮಾತ್ರ ಹೊಸತು ಮಾಡುವುದಕ್ಕೆ ಬೆಂಬಲವಿಲ್ಲ. ಹಾಗೆ ಅರ್ಧಂಬರ್ಧ ಮಾಡಿದ ನವೀಕರಣವೇ ಆರ್ಚ್ ಬಳಕೆದಾರರ ಅನೇಕ ಸಂಕಟಗಳ ಮೂಲ.

ಆಲ್ಪೈನ್ ಬೇರೆಯದೇ ಜಾತಿ. ಅದು ಜಿಲಿಬ್‌ಸಿಯ ಬದಲು ಮಸಲ್ ಎಂಬ ಚಿಕ್ಕ ಲೈಬ್ರರಿಯನ್ನು ಬಳಸುತ್ತದೆ. ಆದ್ದರಿಂದ ಇತರ ಲಿನಕ್ಸ್‌ಗಳಿಗೆಂದು ಸಿದ್ಧಪಡಿಸಿದ ಪ್ಯಾಕೇಜುಗಳು ಅಲ್ಲಿ ನೇರವಾಗಿ ಓಡುವುದಿಲ್ಲ. ನಿಕ್ಸ್‌ಓಎಸ್ ಮತ್ತೊಂದು ದಾರಿ ಹಿಡಿದಿದೆ. ನೆದರ್‌ಲೆಂಡ್ಸ್‌ನ ಉಟ್ರೆಕ್ಟ್ ವಿಶ್ವವಿದ್ಯಾಲಯದಲ್ಲಿ ಏಲ್ಕೊ ಡೋಲ್‌ಸ್ಟ್ರಾ 2006ರಲ್ಲಿ ಸಲ್ಲಿಸಿದ ಪಿಎಚ್.ಡಿ. ಪ್ರಬಂಧದ ವಿಚಾರಗಳ ಮೇಲೆ ಕಟ್ಟಿದ ಈ ಪದ್ಧತಿಯಲ್ಲಿ ಪ್ರತಿ ಆವೃತ್ತಿಗೂ ಪ್ರತ್ಯೇಕ ಕೋಣೆ; ಎರಡು ಆವೃತ್ತಿಗಳು ಪರಸ್ಪರ ಮುಖ ನೋಡದೆ ಒಂದೇ ಮನೆಯಲ್ಲಿ ಬಾಳಬಲ್ಲವು. ಆದರೆ ಇದರ ಭಾಷೆಯನ್ನೂ ರೀತಿಯನ್ನೂ ಕಲಿಯಲು ಸಾಕಷ್ಟು ಸಮಯ ಬೇಕು.

ನಿರ್ಧಾರ ಯಾರ ಕೈಯಲ್ಲಿದೆ ಎಂಬ ಪ್ರಶ್ನೆ ಪುಸ್ತಕದ ಬದನೆಕಾಯಲ್ಲ. ಸೆಂಟ್‌ಓಎಸ್ 8ಕ್ಕೆ 2029ರವರೆಗೆ ಬೆಂಬಲ ಸಿಗುವುದೆಂದು ಜನ ನಂಬಿದ್ದರು. 2020ರ ಡಿಸೆಂಬರ್‌ನಲ್ಲಿ ಅದು 2021ರ ಕೊನೆಗೇ ಮುಗಿಯುವುದೆಂಬ ಘೋಷಣೆ ಹೊರಬಿತ್ತು. ಅದನ್ನು ನೆಚ್ಚಿದ್ದ ಸಂಸ್ಥೆಗಳು ಒಂದೇ ವರ್ಷದಲ್ಲಿ ಬೇರೆ ನೆಲೆ ಹುಡುಕಬೇಕಾಯಿತು. ಅಲ್ಮಾಲಿನಕ್ಸ್ ಮತ್ತು ರಾಕಿ ಲಿನಕ್ಸ್ ಹುಟ್ಟಿದ್ದು ಆ ಸಂದರ್ಭದಲ್ಲಿ.

ಬಹರೈನ್‌ನಲ್ಲಿ ಈ ಪ್ರಶ್ನೆ ಹೇಗೆ ಎದುರಾಗುತ್ತದೆ?

ಬಹರೈನ್ ಸರ್ಕಾರ 2017ರಲ್ಲಿ, ಇಲಾಖೆಗಳ ಗಣಕ ಸೇವೆಗಳಿಗೆ ಕ್ಲೌಡ್‌ಗೇ ಮೊದಲ ಆದ್ಯತೆ ಎಂಬ ನೀತಿಯನ್ನು ಕೈಗೊಂಡಿತು. 2019ರ ಜುಲೈನಲ್ಲಿ ಅಮೆಜಾನ್ ತನ್ನ ಕ್ಲೌಡ್ ಸೇವೆಯ ಮಧ್ಯಪ್ರಾಚ್ಯದ ಮೊದಲ ಪ್ರಾದೇಶಿಕ ಕೇಂದ್ರವನ್ನು, ಮೂರು ಪ್ರತ್ಯೇಕ ಲಭ್ಯತಾ ವಲಯಗಳೊಂದಿಗೆ, ಇದೇ ದ್ವೀಪದಲ್ಲಿ ತೆರೆಯಿತು. ಇಲ್ಲಿ ತಂತ್ರಾಂಶ ಕ್ಷೇತ್ರದಲ್ಲಿ ದುಡಿಯುವ ಕನ್ನಡಿಗರಿಗೆ ಇದರಿಂದ ಒಂದು ದ್ವಂದ್ವ ಸ್ಥಿತಿ ಸಾಮಾನ್ಯವಾಗಿದೆ. ಊರಿನಿಂದ ತಂದ ಲ್ಯಾಪ್‌ಟಾಪಿನಲ್ಲಿ ಒಂದು ಲಿನಕ್ಸ್, ಕೆಲಸದ ಸರ್ವರಿನಲ್ಲಿ ಇನ್ನೊಂದು ಲಿನಕ್ಸ್. ಮೊದಲನೆಯದು ಹೆಚ್ಚಾಗಿ ಉಬುಂಟು. ಎರಡನೆಯದು ಹಲವೆಡೆ ಅಮೆಜಾನ್ ಲಿನಕ್ಸ್.

ಅಮೆಜಾನ್ ಲಿನಕ್ಸ್ 2ರಲ್ಲಿ ಇರುವುದು ಜಿಲಿಬ್‌ಸಿ 2.26. 2022ರ ಏಪ್ರಿಲ್‌ನಲ್ಲಿ ಬಂದ ನೋಡ್ 18ಕ್ಕೆ ಕನಿಷ್ಠ 2.28 ಬೇಕು. ಲ್ಯಾಪ್‌ಟಾಪಿನಲ್ಲಿ ಸರಾಗವಾಗಿ ಓಡುತ್ತಿದ್ದ ಪ್ರೋಗ್ರಾಂ ಸರ್ವರಿಗೆ ಹೋದೊಡನೆ ‘ಜಿಲಿಬ್‌ಸಿ 2.28 ಸಿಗಲಿಲ್ಲ’ ಎಂದು ಮುಗ್ಗರಿಸಿದ ಅನುಭವ ಅನೇಕರಿಗೆ ಆಗಿದೆ. 2023ರ ಮಾರ್ಚ್‌ನಲ್ಲಿ ಬಂದ ಅಮೆಜಾನ್ ಲಿನಕ್ಸ್ 2023ರಲ್ಲಿ ಜಿಲಿಬ್‌ಸಿ 2.34 ಮತ್ತು ಪೈಥಾನ್ 3.9 ಇವೆ. ಆದರೂ ಉಬುಂಟು 24.04ರಲ್ಲಿ ಕಂಪೈಲ್ ಮಾಡಿದ ಸಿ ಅಥವಾ ಸಿ ಪ್ಲಸ್ ಪ್ಲಸ್ ಪ್ರೋಗ್ರಾಂ 2.38ನ್ನು ಕೇಳಿ ಅಲ್ಲಿಯೂ ನಿಂತುಹೋಗಬಹುದು. ಜೊತೆಗೆ, ರೆಡ್ ಹ್ಯಾಟ್ ಕುಟುಂಬದವರು ಹೆಚ್ಚುವರಿ ಪ್ಯಾಕೇಜುಗಳಿಗಾಗಿ ನೆಚ್ಚುವ ಎಪೆಲ್ ಭಂಡಾರಕ್ಕೆ ಅಮೆಜಾನ್ ಲಿನಕ್ಸ್ 2023ರಲ್ಲಿ ಬೆಂಬಲವಿಲ್ಲ.

ಇಲ್ಲಿ ನೆನಪಿಡಬೇಕಾದ ನಿಯಮ ಒಂದೇ: ಹಳೆಯ ಜಿಲಿಬ್‌ಸಿಯ ಮೇಲೆ ಕಟ್ಟಿದ ಪ್ರೋಗ್ರಾಂ ಹೊಸದರ ಮೇಲೆ ಓಡುತ್ತದೆ, ಹೊಸದರ ಮೇಲೆ ಕಟ್ಟಿದ್ದು ಹಳೆಯದರ ಮೇಲೆ ಓಡುವ ಖಾತರಿಯಿಲ್ಲ. ಪೈಥಾನ್ ಜಗತ್ತಿನ ‘ಮೆನಿಲಿನಕ್ಸ್’ ಎಂಬ ಒಪ್ಪಂದ ನಿಂತಿರುವುದು ಇದರ ಮೇಲೆಯೇ. ಉದಾಹರಣೆಗೆ ‘ಮೆನಿಲಿನಕ್ಸ್2014’ ಎಂಬ ಗುರುತಿನ ಪ್ಯಾಕೇಜುಗಳನ್ನು ಜಿಲಿಬ್‌ಸಿ 2.17ಕ್ಕೆ ಹೊಂದುವಂತೆ ಕಟ್ಟುತ್ತಾರೆ. ಹಾಗಾಗಿ ಅವು ಅನಂತರದ ಬಹುತೇಕ ವಿತರಣೆಗಳಲ್ಲಿ ಓಡುತ್ತವೆ.

ನಿದಾನ: ತೊಂದರೆ ಯಾವ ಪದರದ್ದು?

ವೈದ್ಯರು ರೋಗಿಯನ್ನು ಮೊದಲು ಕೇಳುವುದು ‘ಯಾವಾಗಿನಿಂದ? ಅದಕ್ಕೆ ಮೊದಲು ಏನು ಬದಲಾಯಿತು?’ ಎಂದು. ಗಣಕದಲ್ಲಿಯೂ ಮೊದಲ ಪ್ರಶ್ನೆ ಅದೇ. ಕೊನೆಯ ನವೀಕರಣ ಯಾವಾಗ ಆಯಿತು, ಯಾವ ಹೊಸ ಪ್ಯಾಕೇಜು ಬಂತು, ಹೊರಗಿನ ಯಾವ ಭಂಡಾರವನ್ನು ಸೇರಿಸಲಾಯಿತು ಎಂಬುದನ್ನು ಆಪ್ಟ್ ಮತ್ತು ಡಿಎನ್‌ಎಫ್ ಎರಡೂ ತಮ್ಮ ದಾಖಲೆಗಳಲ್ಲಿ ಬರೆದಿಡುತ್ತವೆ. ಆ ಇತಿಹಾಸವನ್ನು ಓದಿದ ಮೇಲೆ ತೊಂದರೆಯನ್ನು ಈ ನಾಲ್ಕು ಪದರಗಳಲ್ಲೊಂದಕ್ಕೆ ಸೇರಿಸಬಹುದು.

ಮೊದಲನೆಯದು ಜಿಲಿಬ್‌ಸಿಯ ಪದರ. ಲಕ್ಷಣ: ದೋಷಸಂದೇಶದಲ್ಲಿ ಜಿಲಿಬ್‌ಸಿಯ ಹೆಸರು, ಅದರೊಂದಿಗೆ ಒಂದು ಸಂಖ್ಯೆ. ‘ಎಲ್‌ಡಿಡಿ’ ಆಜ್ಞೆಗೆ ವರ್ಷನ್ ಎಂಬ ಆಯ್ಕೆ ಕೊಟ್ಟರೆ ನಮ್ಮಲ್ಲಿರುವ ಸಂಖ್ಯೆ ತಿಳಿಯುತ್ತದೆ. ಇಲ್ಲಿ ಜಿಲಿಬ್‌ಸಿಯನ್ನು ಕೈಯಾರೆ ಬದಲಾಯಿಸಲು ಹೋಗುವುದು ಮಾರಕ. ಗಣಕದ ಬಹುಪಾಲು ಪ್ರೋಗ್ರಾಂಗಳು ಅದರ ಮೇಲೆಯೇ ನಿಂತಿರುವುದರಿಂದ, ಅದು ಕೆಟ್ಟರೆ ಸರಿಪಡಿಸುವ ಆಜ್ಞೆಗಳೂ ಓಡುವುದಿಲ್ಲ.

ಎರಡನೆಯದು ವ್ಯವಸ್ಥೆಯ ಇತರ ಲೈಬ್ರರಿಗಳ ಪದರ. ಲಕ್ಷಣ: ‘ಹಂಚಿಕೆಯ ಕಡತವನ್ನು ತೆರೆಯಲಾಗಲಿಲ್ಲ’ ಎಂಬ ಸಂದೇಶ. ಲೈಬ್ರರಿಯ ಹೆಸರಿನ ಕೊನೆಯಲ್ಲಿರುವ ಸಂಖ್ಯೆ ಒಂದು ಕರಾರಿನ ಗುರುತು. ಹಳೆಯ ಕರಾರು ಮುರಿದಾಗ ಆ ಸಂಖ್ಯೆ ಬದಲಾಗುತ್ತದೆ. ಓಪನ್‌ಎಸ್‌ಎಸ್‌ಎಲ್ 1.1ರಿಂದ 3ಕ್ಕೆ ಹೋದಾಗ ಹೀಗಾಯಿತು. ಉಬುಂಟು 22.04ರಲ್ಲಿ 3.0 ಮಾತ್ರ ಇದ್ದುದರಿಂದ, 1.1ನ್ನು ಬಯಸುತ್ತಿದ್ದ ಪ್ರೋಗ್ರಾಂಗಳು ನಿಂತವು. ಹಳೆಯ ಉಬುಂಟುವಿನ ಪ್ಯಾಕೇಜನ್ನು ಇಳಿಸಿಕೊಂಡು ಹಾಕಿದರೆ ಪ್ರೋಗ್ರಾಂ ಓಡುತ್ತದೆ, ನಿಜ. ಆದರೆ ಹಾಗೆ ಹಾಕಿದ ಲೈಬ್ರರಿಗೆ ನಮ್ಮ ಬಿಡುಗಡೆಯ ಭಂಡಾರದಿಂದ ಸುರಕ್ಷತೆಯ ತಿದ್ದುಪಡಿ ಬಾರದು, 1.1.1 ಆವೃತ್ತಿಗೆ ಮೂಲ ಯೋಜನೆಯ ಸಾರ್ವಜನಿಕ ಬೆಂಬಲವೂ 2023ರ ಸೆಪ್ಟೆಂಬರ್‌ನಲ್ಲಿ ಮುಗಿದಿದೆ. ನೋವು ಅಡಗಿತು, ಗಾಯ ಉಳಿಯಿತು. ಯಾವ ಪ್ಯಾಕೇಜು ಯಾವ ಭಂಡಾರದಿಂದ ಬಂದಿದೆಯೆಂದು ತಿಳಿಯಲು ಡೆಬಿಯನ್ ಕುಟುಂಬದಲ್ಲಿ ‘ಆಪ್ಟ್ ಪಾಲಿಸಿ’, ಬೇಕಾದ ಕಡತ ಯಾವ ಪ್ಯಾಕೇಜಿನಲ್ಲಿದೆ ಎಂದು ತಿಳಿಯಲು ಫೆಡೋರಾ ಕುಟುಂಬದಲ್ಲಿ ‘ಡಿಎನ್‌ಎಫ್ ಪ್ರೊವೈಡ್ಸ್’ ನೆರವಾಗುತ್ತವೆ.

ಮೂರನೆಯದು ಪ್ರೋಗ್ರಾಮಿಂಗ್ ಭಾಷೆಯ ಪ್ಯಾಕೇಜುಗಳ ಪದರ. ಪೈಥಾನ್‌ಗೆ ಪಿಪ್, ಜಾವಾಸ್ಕ್ರಿಪ್ಟ್‌ಗೆ ಎನ್‌ಪಿಎಂ, ರಸ್ಟ್‌ಗೆ ಕಾರ್ಗೋ: ಇವು ವಿತರಣೆಗೆ ಸಂಬಂಧಿಸದ ಸ್ವತಂತ್ರ ಭಂಡಾರಗಳಿಂದ ತರುತ್ತವೆ. ಇಲ್ಲಿನ ಅವಲಂಬನೆ ಎಷ್ಟು ಸೂಕ್ಷ್ಮವೆಂಬುದನ್ನು 2016ರ ಮಾರ್ಚ್‌ನ ‘ಲೆಫ್ಟ್-ಪ್ಯಾಡ್’ ಪ್ರಕರಣ ತೋರಿಸಿತು. ಹನ್ನೊಂದು ಸಾಲುಗಳ ಒಂದು ಪುಟ್ಟ ಪ್ಯಾಕೇಜನ್ನು ಅದರ ಕರ್ತೃ ಹಿಂತೆಗೆದುಕೊಂಡಾಗ, ಅದರ ಮೇಲೆ ಪರೋಕ್ಷವಾಗಿ ನಿಂತಿದ್ದ ಅನೇಕ ಪ್ರಸಿದ್ಧ ತಂತ್ರಾಂಶಗಳನ್ನು ಕಟ್ಟುವುದೇ ಅಸಾಧ್ಯವಾಗಿತ್ತು. ಈ ಪದರದ ತೊಂದರೆಗಳನ್ನು ‘ಪಿಪ್ ಚೆಕ್’ ಅಥವಾ ‘ಎನ್‌ಪಿಎಂ ಎಲ್‌ಎಸ್’ ಆಜ್ಞೆಗಳು ತಕ್ಕಮಟ್ಟಿಗೆ ತೋರಿಸುತ್ತವೆ.

ಎರಡನೆಯ ಮತ್ತು ಮೂರನೆಯ ಪದರಗಳ ಬೆರಕೆಯೇ ಅತಿ ಸಾಮಾನ್ಯವಾದ ಕಾಯಿಲೆ. ಅನೇಕ ವಿತರಣೆಗಳ ಒಳಗಿನ ಸಾಧನಗಳು ಪೈಥಾನ್‌ನಲ್ಲಿ ಬರೆದವು. ರೆಡ್ ಹ್ಯಾಟ್ 9 ಮತ್ತು ಅಮೆಜಾನ್ ಲಿನಕ್ಸ್ 2023ರ ಡಿಎನ್‌ಎಫ್ ಅಂಥದೊಂದು. ಆಡಳಿತಾಧಿಕಾರದಿಂದ ಪಿಪ್ ಓಡಿಸಿ ವ್ಯವಸ್ಥೆಯ ಪೈಥಾನ್‌ಗೆ ಕೈಹಾಕಿದರೆ, ಪ್ಯಾಕೇಜುಗಳನ್ನು ನಿರ್ವಹಿಸುವ ಸಾಧನವೇ ಮೂಲೆಗುಂಪಾಗಬಹುದು. ಇದನ್ನು ತಡೆಯಲೆಂದೇ ಡೆಬಿಯನ್ 12 ಮತ್ತು ಉಬುಂಟು 23.04ರಿಂದೀಚೆಗೆ ಪಿಪ್ ‘ಈ ಪರಿಸರವನ್ನು ಹೊರಗಿನವರು ನಿರ್ವಹಿಸುತ್ತಿದ್ದಾರೆ’ ಎಂದು ಹೇಳಿ ನಿರಾಕರಿಸುತ್ತದೆ. ಆ ತಡೆಯನ್ನು ದಾಟುವ ಆಯ್ಕೆಗೆ ‘ಬ್ರೇಕ್ ಸಿಸ್ಟಂ ಪ್ಯಾಕೇಜಸ್’ ಎಂದು ಹೆಸರಿಟ್ಟಿದ್ದಾರೆ. ವ್ಯವಸ್ಥೆಯನ್ನು ಮುರಿ ಎಂದೇ ಅದರ ಅರ್ಥ. ಔಷಧಿ ಸೀಸೆಯ ಮೇಲಿನ ಕೆಂಪು ಗುರುತಿನಂತೆ ಅದನ್ನು ಓದಬೇಕು.

ನಾಲ್ಕನೆಯದು ಮೌನ ಪದರ. ಇಲ್ಲಿ ದೋಷಸಂದೇಶವೇ ಬರುವುದಿಲ್ಲ. ಪ್ರೋಗ್ರಾಂ ಓಡುತ್ತದೆ, ಆದರೆ ಫಲಿತಾಂಶ ತಪ್ಪು. ಕನ್ನಡದಲ್ಲಿ ಕೆಲಸ ಮಾಡುವವರಿಗೆ ಇದು ಅತ್ಯಂತ ಹತ್ತಿರದ್ದಾದುದರಿಂದ ಸ್ವಲ್ಪ ವಿಸ್ತಾರವಾಗಿ ನೋಡಬಹುದು.

ಒತ್ತಕ್ಷರ ಏಕೆ ಒಡೆಯುತ್ತದೆ?

ರಾಜ್ಯೋತ್ಸವದ ಸ್ಪರ್ಧೆಗಳಲ್ಲಿ ಗೆದ್ದ ಮಕ್ಕಳಿಗೆ ಪ್ರಮಾಣಪತ್ರ ಕೊಡಬೇಕೆನ್ನೋಣ. ಹೆಸರುಗಳ ಪಟ್ಟಿಯನ್ನು ಓದಿ, ಪ್ರತಿಯೊಂದನ್ನೂ ಒಂದು ಚಿತ್ರದ ಮೇಲೆ ಬರೆಯುವ ಪೈಥಾನ್ ಪ್ರೋಗ್ರಾಂ ಹತ್ತಿಪ್ಪತ್ತು ಸಾಲುಗಳ ಕೆಲಸ. ಇದಕ್ಕೆ ಎಲ್ಲರೂ ಬಳಸುವುದು ಪಿಲ್ಲೋ ಎಂಬ ಪ್ಯಾಕೇಜು. ಬರೆದವರ ಲ್ಯಾಪ್‌ಟಾಪಿನಲ್ಲಿ ‘ಕೃಷ್ಣ’, ‘ಅಮ್ಮ’, ‘ಕನ್ನಡ’ ಎಲ್ಲವೂ ಸರಿಯಾಗಿಯೇ ಮೂಡುತ್ತವೆ. ಅದೇ ಪ್ರೋಗ್ರಾಂ ಸರ್ವರಿನಲ್ಲಿ ಓಡಿದಾಗ ‘ಕನ್ನಡ’ದ ಒತ್ತು ಕೆಳಗಿಳಿಯುವುದಿಲ್ಲ, ನಕಾರ, ಅದರ ಪಕ್ಕದಲ್ಲಿ ಬಿಡಿಯಾದ ಅರ್ಧಾಕ್ಷರದ ಚಿಹ್ನೆ, ಮತ್ತೆ ನಕಾರ ಎಂದು ಸಾಲಾಗಿ ನಿಲ್ಲುತ್ತವೆ. ಗುಣಿತದ ಚಿಹ್ನೆಗಳೂ ಅಕ್ಷರಕ್ಕೆ ಅಂಟದೆ ದೂರ ಸರಿಯುತ್ತವೆ. ಎಚ್ಚರಿಕೆಯ ಒಂದು ಸಾಲೂ ಬಾರದು. ಕನ್ನಡ ಓದಲು ಬಾರದ ಸಹೋದ್ಯೋಗಿ ಪರೀಕ್ಷಿಸಿದರೆ ಎಲ್ಲವೂ ಸರಿಯಿದೆ ಎಂದೇ ಹೇಳುತ್ತಾನೆ.

ಕಾರಣ ಹೀಗಿದೆ. ಯೂನಿಕೋಡ್‌ನಲ್ಲಿ ಒತ್ತಕ್ಷರಕ್ಕೆ ಪ್ರತ್ಯೇಕ ಸಂಕೇತವಿಲ್ಲ. ವ್ಯಂಜನ, ವಿರಾಮ, ವ್ಯಂಜನ ಎಂಬ ಮೂರು ಸಂಕೇತಗಳ ಸಾಲನ್ನು ನೋಡಿ, ಫಾಂಟಿನಲ್ಲಿರುವ ನಿಯಮಗಳಂತೆ ಸರಿಯಾದ ಆಕಾರವನ್ನು ಆರಿಸಿ ಜೋಡಿಸುವ ಕೆಲಸವನ್ನು ಹಾರ್ಫ್‌ಬಜ್ ಎಂಬ ಲೈಬ್ರರಿ ಮಾಡುತ್ತದೆ. ಪಿಲ್ಲೋ ಅದನ್ನು ನೇರವಾಗಿ ಕರೆಯದೆ ರಕ್ಮ್ ಎಂಬ ಇನ್ನೊಂದು ಲೈಬ್ರರಿಯ ಮೂಲಕ ಕರೆಯುತ್ತದೆ. ರಕ್ಮ್‌ಗೆ ಹಾರ್ಫ್‌ಬಜ್ ಅಲ್ಲದೆ ಫ್ರಿಬಿಡಿ ಎಂಬ ಮೂರನೆಯದೂ ಬೇಕು. ಅರಬ್ಬಿ, ಹೀಬ್ರೂಗಳಂತೆ ಬಲದಿಂದ ಎಡಕ್ಕೆ ಬರೆಯುವ ಲಿಪಿಗಳ ದಿಕ್ಕನ್ನು ನಿರ್ಧರಿಸುವುದು ಫ್ರಿಬಿಡಿಯ ಕೆಲಸ. ಕನ್ನಡಕ್ಕೆ ಅದರ ಅಗತ್ಯ ಕಾಣದಿದ್ದರೂ, ಯಾವುದೇ ಪಠ್ಯವನ್ನು ಜೋಡಿಸುವ ಮೊದಲು ದಿಕ್ಕನ್ನು ಪರಿಶೀಲಿಸುವುದು ರಕ್ಮ್‌ನ ಪದ್ಧತಿ.

2021ರಲ್ಲಿ ಬಂದ ಪಿಲ್ಲೋ 8.2ರಿಂದ ಈಚೆಗೆ ಪಿಪ್ ತರುವ ಸಿದ್ಧ ಪ್ಯಾಕೇಜಿನೊಳಗೆ ರಕ್ಮ್ ಇರುತ್ತದೆ, ಫ್ರಿಬಿಡಿ ಇರುವುದಿಲ್ಲ. ಪ್ರೋಗ್ರಾಂ ಓಡುವಾಗ ಅದು ಗಣಕದಲ್ಲಿ ಫ್ರಿಬಿಡಿಯನ್ನು ಹುಡುಕುತ್ತದೆ. ಸಿಕ್ಕರೆ ಸರಿ, ಸಿಗದಿದ್ದರೆ ಸದ್ದಿಲ್ಲದೆ ಸರಳ ಜೋಡಣೆಗೆ ಇಳಿಯುತ್ತದೆ, ಅಂದರೆ ಒಂದು ಸಂಕೇತಕ್ಕೆ ಒಂದು ಆಕಾರ. ಇಂಗ್ಲಿಷಿಗೆ ಅಷ್ಟು ಸಾಕು, ಕನ್ನಡಕ್ಕೆ ಸಾಲದು. ಲ್ಯಾಪ್‌ಟಾಪಿನ ಉಬುಂಟುವಿನಲ್ಲಿ ಡೆಸ್ಕ್‌ಟಾಪ್ ತನ್ನ ಕೆಲಸಕ್ಕೆಂದೇ ಫ್ರಿಬಿಡಿಯನ್ನು ತಂದಿಟ್ಟಿರುತ್ತದೆ. ಡೆಸ್ಕ್‌ಟಾಪ್ ಇಲ್ಲದ ಸರ್ವರಿನಲ್ಲಿ, ಗಾತ್ರ ಇಳಿಸಿದ ಕಂಟೇನರುಗಳಲ್ಲಿ ಅದು ಇಲ್ಲದಿರಬಹುದು.

ಪರೀಕ್ಷೆ ಸುಲಭ. ಪಿಲ್ಲೋದ ‘ಫೀಚರ್ಸ್’ ಭಾಗದಲ್ಲಿ ‘ರಕ್ಮ್’ ಲಭ್ಯವಿದೆಯೇ ಎಂದು ಕೇಳುವ ಒಂದು ಸಾಲು ಹೌದು ಅಥವಾ ಇಲ್ಲ ಎಂದು ಉತ್ತರಿಸುತ್ತದೆ. ಇಲ್ಲವೆಂದರೆ ಡೆಬಿಯನ್ ಕುಟುಂಬದಲ್ಲಿ ‘ಲಿಬ್‌ಫ್ರಿಬಿಡಿ0’, ಫೆಡೋರಾ ಕುಟುಂಬದಲ್ಲಿ ‘ಫ್ರಿಬಿಡಿ’ ಎಂಬ ಪ್ಯಾಕೇಜನ್ನು ಹಾಕಬೇಕು. ಫಾಂಟು ಇದೆಯೇ ಎಂದು ನೋಡಲು ‘ಎಫ್‌ಸಿ-ಲಿಸ್ಟ್’ ಆಜ್ಞೆಗೆ ಕನ್ನಡದ ಭಾಷಾ ಸಂಕೇತವನ್ನು ಕೊಟ್ಟು ಕೇಳಬಹುದು. ನೋಟೋ, ಲೋಹಿತ್, ಗುಬ್ಬಿ ಮುಂತಾದ ಮುಕ್ತ ಫಾಂಟುಗಳು ವಿತರಣೆಗಳ ಭಂಡಾರದಲ್ಲೇ ದೊರೆಯುತ್ತವೆ. ರಕ್ಮ್ ಇಲ್ಲದಿದ್ದರೆ ಪ್ರೋಗ್ರಾಂ ಮುಂದುವರಿಯದೆ ನಿಲ್ಲುವಂತೆ ಆರಂಭದಲ್ಲೇ ಒಂದು ಸಾಲು ಬರೆದಿಡುವುದು ಇನ್ನೂ ಲೇಸು. ಮೌನವಾದ ರೋಗಕ್ಕೆ ನೋವನ್ನು ಕೊಟ್ಟರೆ ಅದು ಬೇಗ ಪತ್ತೆಯಾಗುತ್ತದೆ.

ಈ ಹೆಸರುಗಳೂ ಕುತೂಹಲಕರ. ಹಾರ್ಫ್‌ಬಜ್ ಎಂಬುದು ‘ತೆರೆದ ಅಕ್ಷರ’ ಎಂಬ ಅರ್ಥ ಬರುವ ಪರ್ಷಿಯನ್ ಪದಗಳಿಂದ ಬಂದದ್ದು. ರಕ್ಮ್ ಅರಬ್ಬಿ ಪದ. ಬರಹ, ಅಂಕಿ ಎಂಬ ಅರ್ಥಗಳುಂಟು. ನಮ್ಮ ಹಳೆಯ ಲೆಕ್ಕಪತ್ರಗಳ ‘ರಕಮು’ ಇದೇ ಮೂಲದ್ದು. ಅರಬ್ಬಿ ಲಿಪಿಯ ನಡುವೆ ಬಾಳುವ ಬಹರೈನ್‌ನ ಕನ್ನಡ ಕುಟುಂಬದ ಮಗುವಿನ ಹೆಸರಿನ ಒತ್ತಕ್ಷರ ಸರಿಯಾಗಿ ಮೂಡಲು, ಅರಬ್ಬಿಗೂ ಕನ್ನಡಕ್ಕೂ ಏಕರೂಪದಲ್ಲಿ ದುಡಿಯುವ ಈ ಲೈಬ್ರರಿಗಳು ಬೇಕು. ಪರದೇಶದಲ್ಲಿ ಬೆಳೆಯುವ ಮಕ್ಕಳಿಗೆ ತಮ್ಮ ಹೆಸರನ್ನು ಕನ್ನಡದಲ್ಲಿ ಮುದ್ರಿತವಾಗಿ ನೋಡುವ ಸಂದರ್ಭಗಳು ಕಡಿಮೆ. ಆ ಅಪರೂಪದ ಕಾಗದದಲ್ಲೇ ಹೆಸರು ಒಡೆದಿದ್ದರೆ, ಮಗು ಅದನ್ನೇ ಸರಿಯೆಂದು ಕಲಿತೀತು.

ಇದೇ ಬಗೆಯ ಇನ್ನೊಂದು ಉದಾಹರಣೆ ಚಿತ್ರದಿಂದ ಪಠ್ಯ ತೆಗೆಯುವ ಟೆಸರ್ಯಾಕ್ಟ್. ಪಿಪ್ ತರುವ ‘ಪೈಟೆಸರ್ಯಾಕ್ಟ್’ ಕೇವಲ ಒಂದು ಸೇತುವೆ. ನಿಜವಾದ ಯಂತ್ರ ವಿತರಣೆಯ ಭಂಡಾರದಿಂದ ಬರಬೇಕು, ಕನ್ನಡದ ದತ್ತಾಂಶ ಮತ್ತೆ ಬೇರೆ ಪ್ಯಾಕೇಜು. ಡೆಬಿಯನ್ ಮತ್ತು ಉಬುಂಟುವಿನಲ್ಲಿ ಅದರ ಹೆಸರಿನ ಕೊನೆಯಲ್ಲಿ ‘ಕಾನ್’ ಎಂದಿರುತ್ತದೆ. 2018ರಲ್ಲಿ ಬಂದ ನಾಲ್ಕನೆಯ ಆವೃತ್ತಿ ನರಜಾಲ ಆಧಾರಿತ ಹೊಸ ವಿಧಾನವನ್ನು ತಂದಿತು. ಮೂರನೆಯ ಆವೃತ್ತಿಯ ಹಳೆಯ ದತ್ತಾಂಶ ಆ ವಿಧಾನಕ್ಕೆ ಒದಗುವುದಿಲ್ಲ.

ಚಿಕಿತ್ಸೆಯ ಕ್ರಮ

ಪದರ ತಿಳಿದ ಮೇಲೆ ಚಿಕಿತ್ಸೆ ಕಷ್ಟವಲ್ಲ. ಮೊದಲನೆಯದಾಗಿ, ವಿತರಣೆಯ ಪೈಥಾನ್ ವಿತರಣೆಗೇ ಇರಲಿ. ನಮ್ಮ ಪ್ರತಿಯೊಂದು ಕೆಲಸಕ್ಕೂ ‘ವೆನ್ವ್’ ಬಳಸಿ ಪ್ರತ್ಯೇಕ ಪರಿಸರ ಮಾಡಿಕೊಳ್ಳಬೇಕು. ಒಬ್ಬ ರೋಗಿಗೆ ಬಳಸಿದ ಸೂಜಿಯನ್ನು ಇನ್ನೊಬ್ಬನಿಗೆ ಬಳಸಬಾರದೆಂಬಷ್ಟೇ ಕಟ್ಟುನಿಟ್ಟಾಗಿ ಇದನ್ನು ಪಾಲಿಸುವುದು ಕ್ಷೇಮ.

ಎರಡನೆಯದಾಗಿ, ಬಳಸಿದ ಎಲ್ಲ ಪ್ಯಾಕೇಜುಗಳ ನಿಖರ ಆವೃತ್ತಿಗಳನ್ನು ಒಂದು ಕಡತದಲ್ಲಿ ದಾಖಲಿಸಿ, ಪ್ರೋಗ್ರಾಮಿನ ಜೊತೆಯಲ್ಲೇ ಇಡಬೇಕು. ಎನ್‌ಪಿಎಂ ಮತ್ತು ಕಾರ್ಗೋ ಇಂಥ ಬೀಗದ ಕಡತವನ್ನು ತಾವೇ ಬರೆಯುತ್ತವೆ. ಪಿಪ್ ಬಳಸುವವರು ‘ಪಿಪ್ ಫ್ರೀಜ್’ ಮೂಲಕ ಪಡೆಯಬಹುದು. ಆದರೆ ಫ್ರಿಬಿಡಿ, ಟೆಸರ್ಯಾಕ್ಟ್, ಫಾಂಟುಗಳು ಈ ಪಟ್ಟಿಯಲ್ಲಿ ಬರುವುದಿಲ್ಲ. ಅವನ್ನು ಕೈಯಾರೆ ಬರೆದಿಡಬೇಕು. ಮರೆವು ಆಗುವುದು ಇಲ್ಲಿಯೇ.

ಮೂರನೆಯದಾಗಿ, ಲ್ಯಾಪ್‌ಟಾಪ್ ಮತ್ತು ಸರ್ವರಿನ ಅಂತರವನ್ನು ಮುಚ್ಚಲು ಕಂಟೇನರ್ ಬಳಸಬಹುದು. 2013ರಲ್ಲಿ ಡಾಕರ್ ಬಂದ ಮೇಲೆ ಈ ಮಾರ್ಗ ಜನಪ್ರಿಯವಾಯಿತು. ಪ್ರೋಗ್ರಾಮನ್ನು ಅದರ ಲೈಬ್ರರಿಗಳ ಸಮೇತ ಒಂದು ಡಬ್ಬಿಯಲ್ಲಿ ಹಾಕಿ ಕಳುಹಿಸಿದರೆ ಎರಡೂ ಕಡೆ ಒಂದೇ ಜಿಲಿಬ್‌ಸಿ. ಹಾಗೆಂದು ವಿತರಣೆಯ ಪ್ರಶ್ನೆ ಮಾಯವಾಗುವುದಿಲ್ಲ. ಡಬ್ಬಿಯೊಳಗೂ ಒಂದು ಡೆಬಿಯನ್ ಅಥವಾ ಆಲ್ಪೈನ್ ಇರುತ್ತದೆ. ಕರ್ನಲ್ ಮಾತ್ರ ಹೊರಗಿನ ಗಣಕದ್ದೇ. ಹಾರ್ಟ್‌ಬ್ಲೀಡ್‌ನಂಥ ದೋಷ ಬಂದರೆ ಪ್ರತಿ ಡಬ್ಬಿಯನ್ನೂ ಮತ್ತೆ ಕಟ್ಟುವ ಹೊಣೆ ನಮ್ಮದಾಗುತ್ತದೆ.

ನಾಲ್ಕನೆಯದಾಗಿ, ಕಂಪೈಲ್ ಮಾಡಿದ ಪ್ರೋಗ್ರಾಮನ್ನು ಬೇರೆಡೆಗೆ ಕಳುಹಿಸುವವರು ತಾವು ಬೆಂಬಲಿಸಬೇಕಾದ ಅತಿ ಹಳೆಯ ವಿತರಣೆಯ ಕಂಟೇನರಿನೊಳಗೆ ಅದನ್ನು ಕಟ್ಟಬೇಕು. ಐದನೆಯದಾಗಿ, ಅಪರಿಚಿತ ಮೂಲದ ಭಂಡಾರಗಳನ್ನು ಸೇರಿಸುವುದನ್ನು ಆದಷ್ಟು ತಪ್ಪಿಸಬೇಕು. ಅಪರಿಚಿತ ಪ್ರೋಗ್ರಾಮಿನ ಮೇಲೆ ಎಲ್‌ಡಿಡಿ ಓಡಿಸುವುದೂ ಸುರಕ್ಷಿತವಲ್ಲ. ಕೆಲವು ಸಂದರ್ಭಗಳಲ್ಲಿ ಅದು ಆ ಪ್ರೋಗ್ರಾಮನ್ನೇ ಚಾಲನೆ ಮಾಡಬಹುದು.

ಹಾಗಾದರೆ ಯಾವುದನ್ನು ಆರಿಸಬೇಕು?

ಮೇಲಿನ ವಿಚಾರಗಳ ಬೆಳಕಿನಲ್ಲಿ ಉತ್ತರ ಚಿಕ್ಕದು. ಕೆಲಸದ ಸರ್ವರು ರೆಡ್ ಹ್ಯಾಟ್ ಅಥವಾ ಅಮೆಜಾನ್ ಕುಟುಂಬದ್ದಾದರೆ, ಮೇಜಿನ ಮೇಲೆ ಫೆಡೋರಾ ಅಥವಾ ಅಲ್ಮಾಲಿನಕ್ಸ್ ಇದ್ದರೆ ಆಜ್ಞೆಗಳೂ ಪ್ಯಾಕೇಜುಗಳ ಹೆಸರುಗಳೂ ಬಹುಮಟ್ಟಿಗೆ ಹೊಂದುತ್ತವೆ. ಸರ್ವರು ಉಬುಂಟು ಆಗಿದ್ದರೆ ಅದರದೇ ಆವೃತ್ತಿಯ ಉಬುಂಟು ಉತ್ತಮ. ಹೊಸತಾಗಿ ಕಲಿಯುವ ವಿದ್ಯಾರ್ಥಿಗೆ ದೀರ್ಘಾವಧಿ ಬೆಂಬಲದ ಉಬುಂಟು ಅಥವಾ ಡೆಬಿಯನ್ ಸಾಕು. ಲೈಬ್ರರಿ ಹಳೆಯದೆನಿಸಿದರೆ ಕಂಟೇನರಿನೊಳಗೆ ಹೊಸದನ್ನು ಬಳಸಬಹುದು. ಹೊಸ ಕಂಪೈಲರುಗಳೇ ಬೇಕೆನ್ನುವವರಿಗೆ ಫೆಡೋರಾ. ಪ್ರತಿ ನವೀಕರಣದ ಮುನ್ನ ಪ್ರಕಟಣೆ ಓದುವ ತಾಳ್ಮೆಯುಳ್ಳವರಿಗೆ 
ಆರ್ಚ್. ವರ್ಷಗಳ ನಂತರವೂ ಅದೇ ಪರಿಸರವನ್ನು ಮರಳಿ ಕಟ್ಟಲೇಬೇಕಾದ ಸಂಶೋಧಕರು ನಿಕ್ಸ್‌ಓಎಸ್ ಕಲಿಯಲು ಸಮಯ ಹಾಕಬಹುದು. ಮೊದಲ ಪ್ರೋಗ್ರಾಮನ್ನು ಆಲ್ಪೈನ್‌ನಲ್ಲಿ ಆರಂಭಿಸದಿರುವುದು ಒಳಿತು.

ಈಗಾಗಲೇ ಒಂದು ವಿತರಣೆಯಲ್ಲಿ ನೆಲೆನಿಂತು ಕೆಲಸ ಮಾಡುತ್ತಿರುವವರು, ಅದಕ್ಕೆ ಸುರಕ್ಷತೆಯ ಬೆಂಬಲ ಇರುವತನಕ, ಒಂದು ಅವಲಂಬನೆಯ ತೊಂದರೆಗಾಗಿ ಅದನ್ನು ತೊರೆಯಬೇಕಾದ ಸಂದರ್ಭ ಬಹಳ ವಿರಳ. ಸಂದೇಶವನ್ನು ಪೂರ್ತಿ ಓದಿ, ಪದರವನ್ನು ಗುರುತಿಸಿ, ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಮಾಡಿದ್ದನ್ನು ಬರೆದಿಡುವುದು ಯಾವ ವಿತರಣೆಯಲ್ಲಿಯೂ ನಡೆಯುವ ವಿಧಾನ. ಕನ್ನಡ ಪಠ್ಯದೊಂದಿಗೆ ಕೆಲಸ ಮಾಡುವವರು ಇದಕ್ಕೆ ಇನ್ನೊಂದನ್ನು ಸೇರಿಸಿಕೊಳ್ಳಬೇಕು: ಪ್ರೋಗ್ರಾಂ ಹೊಸ ಗಣಕಕ್ಕೆ ಹೋದಾಗಲೆಲ್ಲ ‘ಕೃಷ್ಣ’, ‘ಕನ್ನಡ’, ‘ಸ್ವಾತಂತ್ರ್ಯ’ ಎಂಬ ಮೂರು ಪದಗಳನ್ನು ಬರೆಸಿ, ಕನ್ನಡ ಬಲ್ಲ ಒಬ್ಬರು ಕಣ್ಣಾರೆ ನೋಡಬೇಕು. ಈ ಮೂರೂ ಸರಿಯಾಗಿ ಮೂಡಿದರೆ ಮಾತ್ರ ಪ್ರಮಾಣಪತ್ರಗಳನ್ನು ಮುದ್ರಣಕ್ಕೆ ಕಳುಹಿಸಬಹುದು.